ಡೀಸೆಲ್ ಗಾಡಿಯವರೇ, ‘ಸೆಲ್ಫ್ ಹೋಗೇತಿ’ ಅಂದ್ರ ಸ್ವಲ್ಪ ತಡೀರಿ

7,700 ರೂಪಾಯಿ ಹೋತು. ರೊಕ್ಕ ಹೋದದ್ದಕ್ಕಿಂತ, ಗ್ಯಾರೇಜಿನವ ಕನ್ನಡ ಮಾತಾಡ್ತಾನ ಅಂತ ನಂಬಿದೆನಲ್ಲ, ಅದಕ್ಕ ಹೊಟ್ಟಿ ಉರೀತದ.

ನಾವಿರೋದು ಪುಣೆಯೊಳಗ, ಪಾಷಾಣ್ ಕಡೆ. ಜನವರಿ ಬೆಳಗಿನ ಥಂಡಿ ಗೊತ್ತಲ್ಲ. ನನ್ನ ಹಳೇ ಡೀಸೆಲ್ ಗಾಡಿ ಒಂದು ವಾರದಿಂದ ಬೆಳಿಗ್ಗೆ ಚಾಲೂನೇ ಆಗವಲ್ದು. ಸೆಲ್ಫ್ (ಇಂಜಿನ್ ತಿರುಗಿಸೋ ಸ್ಟಾರ್ಟರ್ ಮೋಟಾರು) ಹೊಡದ್ರ ಇಂಜಿನ್ ಗರಗರ ಜೋರಾಗೇ ತಿರುಗ್ತದ, ಸೈಲೆನ್ಸರಿನಿಂದ ಬಿಳಿ ಹೊಗೆ ಬರ್ತದ, ಹತ್ತಂಗಿಲ್ಲ. ಬಿಸಿಲೇರಿದ ಮ್ಯಾಲೆ ಒಂದೇ ಏಟಿಗೆ ಹತ್ತತದ. ಆ ಬಿಳಿ ಹೊಗೆ ನೆನಪಿಡ್ರಿ.

ಗ್ಯಾರೇಜಿನವ “ಇಂಡಿ ಕಡೀಯವ್ರೇನ್ರಿ?” ಅಂದ. ಅಷ್ಟಕ್ಕೇ ನಾ ಕರಗಿದೆ. ಬಾನೆಟ್ ಎತ್ತಿ, “ಸೆಲ್ಫ್ ಪೂರಾ ಕುಂತೈತ್ರಿ ಸಾಹೇಬ್ರ, ಹೊಸಾದು ಹಾಕೂಣು.” 6,500, ಮ್ಯಾಲೆ ಮಜೂರಿ 1,200. ಹಳೇದು ಕೇಳಿದ್ರ ಭಂಗಾರಕ್ಕ (ಗುಜರಿಗೆ) ಹಾಕೀನಿ ಅಂದ. ಬಿಲ್ ಕೇಳಿದ್ರ “ನಮ್ಮ ನಮ್ಮೊಳಗ ಬಿಲ್ ಯಾಕ್ರೀ?” ಅಂದ. ನಾ ನಕ್ಕೆ. ನಕ್ಕೆ ನೋಡ್ರಿ!

ಮರುದಿನ ಬೆಳಿಗ್ಗೆ ಅದೇ ಗರಗರ, ಅದೇ ಹೊಗೆ. ಮ್ಯಾಲಿನ ಮನಿ ಕಾಕಾ ಮೂವತ್ತು ವರ್ಷ ಟೆಂಪೋ ಹೊಡೆದವರು, ಶಾಲು ಹೊದ್ಕೊಂಡೇ ಇಳದು ಬಂದ್ರು. ಹೊಸಾ ಸೆಲ್ಫ್ ಮ್ಯಾಲೆ ಕೈಯಾಡಿಸಿದ್ರ ಬೆರಳಿಗೆ ಕರೀ ಬಣ್ಣ ಹತ್ತಿತು. ಉಗುರಿನಿಂದ ಕೆರೆದ್ರು. ಕೆಳಗ ಹಳದಿ ಅಕ್ಷರ: ಎರಡು ವರ್ಷದ ಹಿಂದ ರಿಪೇರಿಯಾದಾಗ ಬರೆದಿದ್ದ ನನ್ನ ಗಾಡಿ ನಂಬರು! ನನ್ನದೇ ಸೆಲ್ಫ್, ನನಗೇ ಮಾರ್ಯಾನ. ಕಾಕಾ ಏನೂ ಅನ್ನಲಿಲ್ಲ, ನನ್ನ ಮಾರಿ ನೋಡಿದ್ರು. ನೆಲ ಬಾಯಿ ಬಿಡಬಾರದ ಅನಿಸ್ತು.

ಫೋನ್ ಹಚ್ಚಿದೆ. ಮೊದಲು “ಬಣ್ಣ ಕಂಪನೀದ್ರಿ.” ನಂಬರಿನ ಮಾತು ತೆಗೆದ ಮ್ಯಾಲೆ “ರಿಪೇರಿ ಅಂತನ ಹೇಳಿದ್ನೆಲ್ರಿ, ನೀವ ಸರಿ ಕೇಳಿಸ್ಕೊಳ್ಳಿಲ್ಲ.” ಕಡೀಕ “ಥಂಡಿ ಹೋಗ್ಲಿ ತಡೀರಿ, ತಾನ ಚಾಲೂ ಆಕ್ಕೈತಿ.” ಥಂಡಿ ಹೋಗ್ಲಂತ! ಈಗ ಫೋನ್ ಎತ್ತಂಗಿಲ್ಲ.

ಕೆಟ್ಟದ್ದು ಹೀಟರ್ ಪ್ಲಗ್. ಡೀಸೆಲ್ ಇಂಜಿನ್ನಿನೊಳಗ ಕಿಡಿ ಇರಂಗಿಲ್ಲ, ಒತ್ತಿದ ಗಾಳಿಯ ಕಾವಿಗೇ ಎಣ್ಣಿ ಹತ್ತಬೇಕು. ಥಂಡ್ಯಾಗ ಆ ಕಾವು ಸಾಲದ್ದಕ್ಕ, ಒಳಗ ಬಿಸಿ ಮಾಡಾಕ ಸಿಲಿಂಡರಿಗೊಂದು ಪ್ಲಗ್ ಇಟ್ಟಿರ್ತಾರ. ನನ್ನ ನಾಲ್ಕರೊಳಗ ಮೂರು ಸತ್ತಿದ್ದವು. ಬಿಳಿ ಹೊಗೆ ಅಂದ್ರ ಸುಡದ ಡೀಸೆಲ್. ಕಾಕಾನೇ ಗಾಡಿ ಸಾಮಾನು ಸಿಗೋ ನಾನಾ ಪೇಠಕ್ಕ ಕರಕೊಂಡು ಹೋಗಿ ಕೊಡ್ಸಿದ್ರು, 2,000ದೊಳಗ ಮುಗೀತು.

ಥಂಡ್ಯಾಗ ಇಂಜಿನ್ ಜೋರಾಗಿ ತಿರುಗಿ, ಬಿಳಿ ಹೊಗೆ ಬಿಟ್ಟೂ ಹತ್ತದಿದ್ರ ಸೆಲ್ಫ್, ಬ್ಯಾಟರಿ ಸುದ್ದಿಗೆ ಹೋಗಬ್ಯಾಡ್ರಿ, ಮೊದಲು ಪ್ಲಗ್ ನೋಡಿಸ್ರಿ. ಹಳೇ ಸಾಮಾನು ಕೈಯಾಗ ಇಸ್ಕೊಳ್ರಿ. ಬಿಲ್ ಇಲ್ಲದ ಒಂದು ರೂಪಾಯಿ ಬಿಚ್ಚಬ್ಯಾಡ್ರಿ, ಅವ ನಿಮ್ಮ ಓಣಿಯವನೇ ಇರವಲ್ನ್ಯಾಕ.

ಮನ್ಯಾಗ ಮಾತ್ರ ಎಲ್ಲಾ ಸೇರಿ 2,000 ಆತು ಅಂತನೇ ಹೇಳೀನಿ.