ಪ್ಲಾಸಲ್, ಬಾರ್ಲೋ, ಜೂಮ್: ಸಣ್ಣ ಟೆಲಿಸ್ಕೋಪಿಗೆ ಯಾವುದು?

ನಿಮ್ಮದು 70 ಮಿ.ಮೀ. (ಮುಂದಿನ ಗಾಜಿನ ಅಗಲ) ಟೆಲಿಸ್ಕೋಪ್, ಫೋಕಲ್ ಲೆಂತ್ (ಆ ಗಾಜಿನಿಂದ ಬಿಂಬ ಮೂಡುವ ಜಾಗಕ್ಕಿರುವ ದೂರ) 700 ಮಿ.ಮೀ., ಜೊತೆಗೆ ಬಂದದ್ದು 25 ಮಿ.ಮೀ. ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) ಒಂದೇ. ಮುಂದೆ ಏನು ಕೊಳ್ಳೋದು, ಅಲ್ವಾ?

ಖರ್ಚಿನಲ್ಲಿ 10 ಮಿ.ಮೀ. ಪ್ಲಾಸಲ್ (ಒಂದು ಬಗೆಯ ಐಪೀಸ್) ಮತ್ತು 2 ಪಟ್ಟಿನ ಬಾರ್ಲೋ (ಐಪೀಸಿಗೆ ಸೇರಿಸಿ ನೋಟವನ್ನು ಇನ್ನಷ್ಟು ಹಿಗ್ಗಿಸುವ ಮಸೂರ) ಎರಡೂ ಹಗುರ. 8–24 ಜೂಮ್ (8ರಿಂದ 24 ಮಿ.ಮೀ.ವರೆಗೆ ಬದಲಾಗುವ ಒಂದೇ ಐಪೀಸ್) ಜಾಸ್ತಿ ಬೀಳುತ್ತದೆ.

ಪ್ಲಾಸಲ್ ಹಾಕಿದರೆ 700ನ್ನು 10ರಿಂದ ಭಾಗಿಸಿ 70 ಪಟ್ಟು. ಶನಿಯ ಉಂಗುರ ಚೊಕ್ಕವಾಗಿ ಕಾಣುತ್ತದೆ. ಆದರೆ ಕಣ್ಣನ್ನು ತೀರಾ ಹತ್ತಿರ ಒಯ್ಯಬೇಕು, ರೆಪ್ಪೆಗೂದಲು ಗಾಜಿಗೆ ಉಜ್ಜುತ್ತದೆ. ಕನ್ನಡಕದವರಿಗೆ ಇದು ಕಿರಿಕಿರಿ. ಅವರಿಗೆ ಬಾರ್ಲೋ ವಾಸಿ: ಇರುವ 25ಕ್ಕೇ ಸೇರಿಸಿದರೆ 56 ಪಟ್ಟು, ಕಣ್ಣು ಆರಾಮಾಗಿ ದೂರವಿರುತ್ತದೆ. ಪ್ಲಾಸಲ್, ಬಾರ್ಲೋ ಎರಡೂ ಕೊಂಡು ಜೋಡಿಸಿದರೆ 140 ಪಟ್ಟು. ಈ ಟೆಲಿಸ್ಕೋಪಿನ ಮಿತಿ ಅಲ್ಲಿಗೇ ಮುಗಿಯಿತು. ಡಬ್ಬದ ಮೇಲೆ 500 ಅಂತಿದ್ದರೆ ಅದು ಸುಮ್ನೆ.

ಮನೆಮಂದಿಗೆಲ್ಲ ತೋರಿಸುವವರಿಗೆ ಜೂಮ್ ಸಲೀಸು. ಕತ್ತಲಲ್ಲಿ ಐಪೀಸ್ ಬದಲಿಸುವ ಗೋಜಿಲ್ಲ, ತಿರುಗಿಸಿದರೆ ಸಾಕು. ಆದರೆ 24ರಲ್ಲಿ ನೋಟ ಕಿರಿದು, ಕೃತ್ತಿಕೆಯಂಥ ಗುಂಪು ಇಕ್ಕಟ್ಟಾಗುತ್ತದೆ.

ಮುಟ್ಟಿದರೆ ಟ್ರೈಪಾಡ್ ನಡುಗುತ್ತಿದೆಯೇ? ಹಾಗಾದರೆ ಇವೆಲ್ಲ ಆಮೇಲೆ. ಕಾಲು ಗಿಡ್ಡ ಮಾಡಿ, ನಡುವೆ ಭಾರದ ಚೀಲ ತೂಗುಹಾಕಿ, ಕುರ್ಚಿಯಲ್ಲಿ ಕೂತು ನೋಡಿ. ಕೊಳ್ಳುವ ಮುಂಚೆ ಐಪೀಸ್ ಕೂರುವ ಕೊಳವೆಯ ಅಳತೆಯನ್ನೂ ನೋಡಿಕೊಳ್ಳಿ: ಈಗಿನವು 1.25 ಇಂಚು, ಕೆಲವು ಹಳೆಯವು 0.965.