ಎರಡೂವರೆ ವರ್ಷ, ಒಂಬತ್ತು ಪೆನ್ನು, ಒಂದು ಮುಖ: ಪಿಗ್ಮಾ ಮೈಕ್ರಾನ್ ಬಳಕೆಯ ಅನುಭವ

ಜಪಾನಿನ ಸಕುರಾ ಕಂಪನಿಯ ಪಿಗ್ಮಾ ಮೈಕ್ರಾನ್ ಪೆನ್ನುಗಳನ್ನು ನಾನು ಎರಡೂವರೆ ವರ್ಷಗಳಿಂದ ಬಳಸುತ್ತಿದ್ದೇನೆ. ಬರೆಯುವುದಕ್ಕಲ್ಲ, ಚುಕ್ಕಿ ಇಟ್ಟು ಇಟ್ಟು ಚಿತ್ರ ಬಿಡಿಸುವುದಕ್ಕೆ. ಈ ಅವಧಿಯ ಬಹುಪಾಲನ್ನು ಒಂದೇ ಚಿತ್ರ ನುಂಗಿದೆ. ಗಡಿಯಾರ ರಿಪೇರಿ ಮಾಡುತ್ತಿದ್ದ ನಮ್ಮ ದೊಡ್ಡಪ್ಪನ ಮುಖವದು: ಮೂಗಿನ ಈಚೆಗೆ ಮನುಷ್ಯ, ಆಚೆಗೆ ಎಚ್‌ಎಂಟಿ ಜನತಾ ಕೈಗಡಿಯಾರದ ಒಳಗಿನ ಚಕ್ರಗಳು. ಅವರು ಭೂತಗನ್ನಡಿ ಸಿಕ್ಕಿಸಿಕೊಳ್ಳುತ್ತಿದ್ದ ಕಣ್ಣಿನ ಜಾಗದಲ್ಲಿ ಗಡಿಯಾರದ ಗತಿ ಕಾಯುವ ಚಕ್ರವಾದ ಬ್ಯಾಲೆನ್ಸ್ ವೀಲ್ ಮತ್ತು ಅದರ ಕೂದಲೆಳೆಯಂಥ ಸುರುಳಿ ಸ್ಪ್ರಿಂಗ್ ಇದೆ.

ಕೊಳ್ಳುವವರು ಮೊದಲು ಗಮನಿಸಬೇಕಾದದ್ದು ಪೆನ್ನಿನ ಮೇಲಿನ ಸಂಖ್ಯೆಯನ್ನು. ಅದು ಅಳತೆಯಲ್ಲ. 003ರ ಗೆರೆ 0.15 ಮಿ.ಮೀ., 005ರದ್ದು 0.20, 01ರದ್ದು 0.25, 05ರದ್ದು 0.45. ನನ್ನ ಚಿತ್ರದ ಮುಕ್ಕಾಲು ಪಾಲು 005ರಲ್ಲೇ ಮುಗಿದಿದೆ. 003ನ್ನು ಕಣ್ಣಿನ ರೆಪ್ಪೆಗೆ ಮತ್ತು ಹಲ್ಲುಚಕ್ರದ ಅಂಚುಗಳಿಗೆ ಮಾತ್ರ ಇಟ್ಟುಕೊಂಡಿದ್ದೇನೆ.

ಚುಕ್ಕಿ ಚಿತ್ರದಲ್ಲಿ ಬೂದು ಬಣ್ಣವೆಂಬುದು ಇರುವುದೇ ಇಲ್ಲ. ಇರುವುದು ಕಪ್ಪು ಚುಕ್ಕಿ ಮತ್ತು ಚುಕ್ಕಿಗಳ ನಡುವಿನ ಬಿಳಿ ಕಾಗದ. ಹೀಗಾಗಿ ಚರ್ಮಕ್ಕೂ ಲೋಹಕ್ಕೂ ಮಸಿ ಒಂದೇ ಆಗಿರುವಾಗ ಎರಡನ್ನೂ ಬೇರೆ ಮಾಡಿ ತೋರಿಸುವುದು ನೆರಳು ಬೆಳಕಿಗೆ ತಿರುಗುವ ರೀತಿ. ಕೆನ್ನೆಯ ಮೇಲೆ ಚುಕ್ಕಿಗಳು ಕಪ್ಪಿನಿಂದ ಬಿಳಿಗೆ ನಿಧಾನವಾಗಿ ವಿರಳವಾಗುತ್ತವೆ. ಹೊಳೆಯುವ ಉಕ್ಕಿನ ಮೇಲೆ ಗಾಢ ಕಪ್ಪಿನ ಪಕ್ಕದಲ್ಲೇ ಖಾಲಿ ಬಿಳಿ ಇರಬೇಕು. ಎರಡೂ ಸೇರುವ ಗಡಿಯಲ್ಲಿ ನಾನು ಮೂರು ವಾರ ಒದ್ದಾಡಿದೆ. ಕಣ್ಣಂಚಿನ ಸುಕ್ಕುಗಳನ್ನು ಚಕ್ರದ ಹಲ್ಲುಗಳ ನಡುವಿನ ಸಂದಿಗೆ ನೇರವಾಗಿ ಹೊಂದಿಸಿ, ಎರಡು ಬದಿಗೂ ಒಂದೇ ದಿಕ್ಕಿನಿಂದ ಬೆಳಕು ಬೀಳುವಂತೆ ಮಾಡಿದ ಮೇಲಷ್ಟೇ ಅದು ಅಂಟಿಸಿದಂತೆ ಕಾಣುವುದು ನಿಂತಿತು.

ಒಂಬತ್ತು ಪೆನ್ನುಗಳ ಪೈಕಿ ನಾಲ್ಕರ ತುದಿ ಮಸಿ ಮುಗಿಯುವ ಮೊದಲೇ ಚಪ್ಪಟೆಯಾಯಿತು. ಇದಕ್ಕೆ ನನ್ನ ಕೈಯೇ ಕಾರಣ. ಗೆರೆ ಎಳೆಯಲು ಮಾಡಿದ ನಾರಿನ ತುದಿಯನ್ನು ನೆಟ್ಟಗೆ ಹಿಡಿದು ಸಾವಿರಾರು ಬಾರಿ ಕುಟ್ಟಿದರೆ ಅದು ಲೋಹದ ಕೊಳವೆಯೊಳಕ್ಕೆ ತಗ್ಗದೆ ಇನ್ನೇನಾದೀತು? ಬೇಸರವಾದಾಗ ಕೈ ಓಡುತ್ತದೆ, ಕೈ ಓಡಿದಾಗ ಚುಕ್ಕಿಗೆ ಬಾಲ ಬರುತ್ತದೆ, ಬಾಲ ಬಂದ ಚುಕ್ಕಿ ಅಲ್ಪವಿರಾಮದಂತೆ ಕಾಣುತ್ತದೆ. ಆದರೆ ಸವೆದ ಪೆನ್ನುಗಳನ್ನು ನಾನು ಎಸೆಯಲಿಲ್ಲ. ಅವು ಇಡುವ ತುಸು ದಪ್ಪ, ತುಸು ಸೊಟ್ಟ ಚುಕ್ಕಿಗಳು ಮೀಸೆಗೂ ಕತ್ತಿನ ಚರ್ಮಕ್ಕೂ ಎಷ್ಟು ಒಪ್ಪಿದವೆಂದರೆ, ಆಮೇಲೆ ಹೊಸ ಪೆನ್ನು ಯಂತ್ರದ ಬದಿಗೆ, ಹಳೆಯದು ಮನುಷ್ಯನ ಬದಿಗೆ ಎಂದೇ ವಿಂಗಡಿಸಿ, ಹಳೆಯವುಗಳ ಮುಚ್ಚಳಕ್ಕೆ ಕೆಂಪು ದಾರ ಕಟ್ಟಿದೆ.

ಮಸಿಯ ಬಗ್ಗೆ ನನಗೆ ತಕರಾರಿಲ್ಲ. ಇದು ನೀರಿನಲ್ಲಿ ಕರಗದ ಬಣ್ಣದ ಕಣಗಳಿರುವ ಪಿಗ್ಮೆಂಟ್ ಮಸಿಯಾದ್ದರಿಂದ ಒಣಗಿದ ಮೇಲೆ ನೀರಿಗೆ ಹರಡುವುದಿಲ್ಲ. ಬೇಸಿಗೆಯಲ್ಲಿ ಹಣೆಯ ಬೆವರು ಹಾಳೆಯ ಮೇಲೆ ತೊಟ್ಟಿಕ್ಕಿದಾಗ ದೊಡ್ಡಪ್ಪನ ಗಲ್ಲ ಉಳಿದದ್ದು ಅದರಿಂದಲೇ. ಆದರೆ ಅಡಿಯ ಪೆನ್ಸಿಲ್ ಗೆರೆಯನ್ನು ರಬ್ಬರಿನಿಂದ ಜೋರಾಗಿ ಉಜ್ಜಿದರೆ ಕಪ್ಪು ಸ್ವಲ್ಪ ಮಂಕಾಗುತ್ತದೆ. ಗೆರೆಯನ್ನು ತೆಳುವಾಗಿ ಹಾಕಿಕೊಳ್ಳುವುದು ಕ್ಷೇಮ. ಕಾಗದ ನುಣುಪಾಗಿರಲಿ, ಒರಟು ಜಲವರ್ಣದ ಹಾಳೆಯಲ್ಲಿ ಚುಕ್ಕಿಯ ಅಂಚು ಒಡೆಯುತ್ತದೆ, ತುದಿಯೂ ಬೇಗ ಸವೆಯುತ್ತದೆ.

ಮಸಿ ಮರುತುಂಬುವ ಲೋಹದ ತುದಿಯ ತಾಂತ್ರಿಕ ಪೆನ್ನನ್ನೂ ನಡುವೆ ಪ್ರಯತ್ನಿಸಿದೆ. ಅದರ ಚುಕ್ಕಿ ಹೆಚ್ಚು ಖಚಿತ, ತುದಿಗೂ ಆಯಸ್ಸು ಹೆಚ್ಚು. ಆದರೆ ಹತ್ತು ದಿನ ಊರಿಗೆ ಹೋಗಿ ಬರುವಷ್ಟರಲ್ಲಿ ಮಸಿ ಒಳಗೇ ಕಟ್ಟಿಕೊಂಡಿತ್ತು. ಪ್ರತಿದಿನ ಕೂರುವವರಿಗೆ ಅದು ಸರಿ, ನನ್ನಂತೆ ಭಾನುವಾರ ಕೂರುವವರಿಗೆ ಮೈಕ್ರಾನ್ ಅನುಕೂಲ. ಪೂರ್ತಿ ಸೆಟ್ ಮಾತ್ರ ಕೊಳ್ಳಬೇಡಿ. 005ರ ಎರಡು, 003 ಮತ್ತು 01ರ ಒಂದೊಂದು ಸಾಕು. ಸೆಟ್‌ನಲ್ಲಿ ಬಂದ 08 ನನ್ನಲ್ಲಿ ಇನ್ನೂ ಹೊಸದಾಗಿಯೇ ಇದೆ.