ಅಮೆರಿಕದ ಹೈ ಪ್ಲೇನ್ಸ್ ಬಯಲಲ್ಲಿ ಎರಡು ರಾತ್ರಿ: ನಲ್ಲಿಯಿಲ್ಲದ ಕ್ಯಾಬಿನ್ನಿಗೆ ಮೂರೂವರೆ ಸ್ಟಾರ್

ಮೊದಲೇ ಹೇಳಿಬಿಡುತ್ತೇನೆ, ಕ್ಯಾಬಿನ್ನಿನ ಹೆಸರು ಹಾಕುವುದಿಲ್ಲ. ಮುದುಕ ರೈತನೊಬ್ಬ ತನ್ನ ಹೊಲದ ಅಂಚಿಗೆ ಕಟ್ಟಿಸಿ ಬಾಡಿಗೆಗೆ ಬಿಟ್ಟಿರುವ ಎರಡು ಮರದ ಕೋಣೆ ಅವು. ಇಲ್ಲಿ ನಾನು ಬೈಯುವುದೂ ಇದೆ, ಅದರಿಂದ ಅವನ ಹೊಟ್ಟೆಗೆ ಕುತ್ತು ಬರಬಾರದು. ಪಶ್ಚಿಮ ಕ್ಯಾನ್ಸಸ್, ಓಕ್ಲಿ ಊರಿನ ದಕ್ಷಿಣಕ್ಕೆ, ಇಷ್ಟು ಸಾಕು.

ನಾವಿರುವುದು ಪಕ್ಕದ ಕೊಲೊರಾಡೊ ರಾಜ್ಯದ ಡೆನ್ವರಿನಲ್ಲಿ. ಇಲ್ಲಿಯ ನಮ್ಮವರು ಮೂರು ದಿನ ರಜೆ ಸಿಕ್ಕರೆ ಕಾರು ತಿರುಗಿಸುವುದು ಪಶ್ಚಿಮಕ್ಕೆ, ಬೆಟ್ಟಕ್ಕೆ. ಪೂರ್ವಕ್ಕೆ ಏನಿದೆ, ಬರೀ ಬಯಲು ಅನ್ನುತ್ತಾರೆ. ನನಗೆ ಬಯಲೇ ಬೇಕಿತ್ತು. ಬಸವನ ಬಾಗೇವಾಡಿ ಕಡೆಯವನು ನಾನು, ನಾಲ್ಕೂ ದಿಕ್ಕಿಗೆ ಮುಗಿಲು ನೆಲಕ್ಕೆ ತಾಗಿದ್ದು ಕಂಡರೇ ಉಸಿರು ಸಲೀಸು. ಊರಿಂದ ಅವ್ವನೂ ಬಂದಿದ್ದಳು, ಬೆಟ್ಟದ ತಿರುವುಗಳಲ್ಲಿ ಅವಳಿಗೆ ವಾಂತಿ. ಸೆಪ್ಟೆಂಬರ್ ಕೊನೆಯ ವಾರ ಐ-70 ಹೆದ್ದಾರಿ ಹಿಡಿದು ಹೊರಟೆವು, ಹೆಚ್ಚುಕಡಿಮೆ 400 ಕಿಲೋಮೀಟರ್. ಡೆನ್ವರ್ ಇರುವುದು ಸಮುದ್ರಮಟ್ಟದಿಂದ 1,600 ಮೀಟರ್ ಮೇಲೆ, ಓಕ್ಲಿ 930ರ ಆಸುಪಾಸು. ಅಷ್ಟು ಇಳಿದರೂ ಎಲ್ಲೂ ಇಳಿದ ಹಾಗೆ ಅನ್ನಿಸುವುದಿಲ್ಲ. ಒಲೆಯ ಮೇಲಿನ ಹಂಚು ಸ್ವಲ್ಪ ವಾಲಿಕೊಂಡಿದ್ದರೆ ಹೇಗೋ, ಹಾಗೆ ಆ ನೆಲ.

ಮೊದಲ ತಪ್ಪು ನನ್ನದೇ. ಸಂಜೆ ಆರರೊಳಗೆ ಬನ್ನಿ, ಗೇಟಿನ ಹತ್ತಿರ ಕೀಲಿ ಕೊಡುತ್ತೇನೆ ಎಂದು ಮಾಲೀಕ ಮೆಸೇಜ್ ಹಾಕಿದ್ದ. ಕಾರಿನ ಗಡಿಯಾರದಲ್ಲಿ ಐದೂ ನಲವತ್ತು. ಗೇಟಿನಲ್ಲಿ ಯಾರೂ ಇಲ್ಲ. ಕ್ಯಾನ್ಸಸ್‌ನಲ್ಲಿ ಕೊಲೊರಾಡೊ ಗಡಿಗೆ ಅಂಟಿಕೊಂಡ ನಾಲ್ಕು ಕೌಂಟಿಗಳಲ್ಲಿ, ಅಂದರೆ ಜಿಲ್ಲೆಗಳಲ್ಲಿ, ಮಾತ್ರ ನಮ್ಮ ಡೆನ್ವರ್ ಸಮಯ, ಅವು ದಾಟಿದೊಡನೆ ಒಂದು ಗಂಟೆ ಮುಂದೆ. ಆ ನಾಲ್ಕರೊಳಗಿನ ಗುಡ್‌ಲ್ಯಾಂಡ್‌ ಊರಲ್ಲಿ ಪೆಟ್ರೋಲ್ ಹಾಕಿಸಿದಾಗ ಸರಿಯಾಗಿದ್ದ ಸಮಯ ಓಕ್ಲಿಗೆ ಬರುವಷ್ಟರಲ್ಲಿ ತಪ್ಪಾಗಿತ್ತು. ಪಾಪ, ಆತ ಕಾದೂ ಕಾದೂ ಕೀಲಿಯನ್ನು ಇಟ್ಟಿಗೆಯ ಕೆಳಗಿಟ್ಟು, ಎಲ್ಲಿಟ್ಟಿದ್ದೇನೆಂದು ಫೋಟೋ ತೆಗೆದು ಕಳಿಸಿದ್ದ. ಕೊಟ್ಟ ಸ್ಟಾರಿನಲ್ಲಿ ಅರ್ಧ ಆ ಇಟ್ಟಿಗೆಗೇ.

ಈಗ ಕ್ಯಾಬಿನ್. ರಾತ್ರಿಗೆ 85 ಡಾಲರ್, ಮೇಲೆ 60 ಡಾಲರ್ ಕ್ಲೀನಿಂಗ್ ಚಾರ್ಜು. ಎರಡು ಬಂಕ್ ಮಂಚ, ಒಂದು ಮೇಜು, ಬಲ್ಬು, ಪ್ಲಗ್ಗು, ಚಿಕ್ಕ ಹೀಟರ್. ಗೋಡೆ ಗಟ್ಟಿ, ಕಿಟಕಿ ಬಿಗಿ, ಇಲಿಯ ವಾಸನೆಯಿಲ್ಲ. ಹಾಸಿಗೆಗೆ ಪ್ಲಾಸ್ಟಿಕ್ ಹೊದಿಕೆ, ಚಾದರ ದಿಂಬು ನಾವೇ ಒಯ್ಯಬೇಕು. ಅದನ್ನು ಮೊದಲೇ ಹೇಳಿದ್ದರು, ತಕರಾರಿಲ್ಲ. ತಕರಾರಿರುವುದು ನೀರಿನ ಬಗ್ಗೆ. ಜಾಹೀರಾತಿನಲ್ಲಿ ‘ನೀರಿನ ಸೌಕರ್ಯವಿದೆ’ ಎಂದಿತ್ತು. ಹೋಗಿ ನೋಡಿದರೆ ನೂರೈವತ್ತು ಹೆಜ್ಜೆ ದೂರ, ದನದ ಕಟಾಂಜನದ ಪಕ್ಕ, ನೆಲದಿಂದ ಎದ್ದ ಒಂದು ಕಬ್ಬಿಣದ ಕೊಳವೆ. ಮೇಲೆ ಹಿಡಿ. ಎತ್ತಿದರೆ ಎರಡು ಕ್ಷಣ ಏನೂ ಇಲ್ಲ, ಆಮೇಲೆ ಗಳಗಳ ಒಮ್ಮೆಲೇ ಪ್ಯಾಂಟಿನ ಮೇಲೆ. ಚಳಿಗಾಲದಲ್ಲಿ ಹೆಪ್ಪುಗಟ್ಟದಿರಲಿ ಅಂತ ಅದರ ಕವಾಟವನ್ನು ನೆಲದೊಳಗೆ ಆಳದಲ್ಲಿ ಕೂರಿಸಿರುತ್ತಾರೆ, ಅದಕ್ಕೇ ಆ ತಡ. ‘ಕುಡಿಯುವುದಕ್ಕಲ್ಲ’ ಎಂದು ಚೀಟಿ ಬೇರೆ ಅಂಟಿಸಿತ್ತು. ಓಗಲಾಲಾ ಎಂಬ ಅಷ್ಟು ದೊಡ್ಡ ಅಂತರ್ಜಲದ ಸೀಮೆ ಅದು. ಗೋಧಿ, ಮೆಕ್ಕೆಜೋಳಕ್ಕೆ ಎತ್ತೀ ಎತ್ತೀ ನೀರಿನ ಮಟ್ಟ ಇಳಿಯುತ್ತಲೇ ಇದೆ. ನಮ್ಮ ಕಡೆಯ ಬೋರ್‌ವೆಲ್ ಕಥೆಯೇ. ಇರಲಿ. ನಾಲ್ಕು ಜನ ಎರಡು ದಿನಕ್ಕೆ 40 ಲೀಟರ್ ಕುಡಿಯುವ ನೀರು ಒಯ್ಯಿರಿ. ನಾವು ಇಪ್ಪತ್ತು ಒಯ್ದು, ಮರುದಿನ ಓಕ್ಲಿಗೆ ನೀರು ತರಲೆಂದೇ ಹೋಗಿಬಂದೆವು.

ಪಾಯಿಖಾನೆ ಹೊರಗೆ, ಮೂವತ್ತು ಹೆಜ್ಜೆ. ಅದೂ ಚೊಕ್ಕವಾಗಿಯೇ ಇತ್ತು. ಆದರೆ ಮಂಡಿನೋವಿನ ಅವ್ವ ರಾತ್ರಿ ಎರಡಕ್ಕೆ, ಗಾಳಿಯಲ್ಲಿ, ನನ್ನ ತೋಳು ಹಿಡಿದು ನಡೆಯುತ್ತಾ, “ವಿಮಾನ ಹತ್ತಿ ಅಮೆರಿಕಾಕ್ಕ ಬಂದು ಮತ್ತ ಚರಿಗಿ ಹಿಡಕೊಂಡು ಹೋಗೂದ ಆತಲ್ಲೋ ತಮ್ಮಾ” ಅಂದಳು. ನಗುವುದೋ ಅಳುವುದೋ ತಿಳಿಯಲಿಲ್ಲ. ವಯಸ್ಸಾದವರಿದ್ದರೆ ಪಾಯಿಖಾನೆ ಎಲ್ಲಿದೆ ಎಂದು ಫೋನ್ ಮಾಡಿಯೇ ಕೇಳಿ, ಫೋಟೋ ನಂಬಬೇಡಿ. ವಾಪಸು ಬರುವಾಗ ಅವ್ವ ತಲೆ ಎತ್ತಿ ನಿಂತುಬಿಟ್ಟಳು. ಆಕಾಶಗಂಗೆ ಈ ತುದಿಯಿಂದ ಆ ತುದಿಗೆ. “ಸಣ್ಣಾಕಿದ್ದಾಗ ಮಾಳಿಗಿ ಮ್ಯಾಲ ಮಲಗಿದ್ರ ಹಿಂಗ ಕಾಣ್ತಿತ್ತು.” ಹತ್ತು ನಿಮಿಷ ಒಳಗೆ ಬರಲಿಲ್ಲ.

ಗಾಳಿಯ ಬಗ್ಗೆ ಹೇಳದಿದ್ದರೆ ಮೋಸವಾದೀತು. ಎರಡನೆಯ ದಿನ ರೆಡ್ ಫ್ಲ್ಯಾಗ್ ವಾರ್ನಿಂಗ್ ಬಂತು. ಗಾಳಿ ಜೋರು, ಹವೆ ಒಣ, ಕಿಡಿ ಬಿದ್ದರೆ ಬಯಲೇ ಹೊತ್ತುತ್ತದೆ ಎಂಬ ಎಚ್ಚರಿಕೆ ಅದು. ಬೆಂಕಿ ಹಾಕುವಂತಿಲ್ಲ ಎಂದು ಮಾಲೀಕ ಬಂದು ಹೇಳಿಹೋದ. ಮೂರು ಕಟ್ಟು ಕಟ್ಟಿಗೆ ಹಾಗೇ ಉಳಿಯಿತು, ಮಗಳ ಮುಖ ಊದಿತು. ಹಿಂದಿನ ರಾತ್ರಿಯೇ ನಮ್ಮ ಎರಡು ಬರ್ನರಿನ ಪ್ರೊಪೇನ್ ಒಲೆ, ಹೆಂಡತಿ ಕಾರನ್ನು ಅಡ್ಡ ನಿಲ್ಲಿಸಿದರೂ, ಮೂರು ಸಲ ಆರಿತ್ತು. ಒಳಗೆ ಅಡುಗೆ ಮಾಡುವಂತಿಲ್ಲ. ಉಳಿಸಿದ್ದು ಅವ್ವನ ಗಂಟು: ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಹಿಂಡಿ, ಉಳ್ಳಾಗಡ್ಡಿ, ಡಬ್ಬಿ ಮೊಸರು. ಕ್ಯಾಂಪಿಂಗ್ ಅಂಗಡಿಗಳಲ್ಲಿ ಹದಿನೈದು ಡಾಲರಿಗೆ ಮಾರುವ, ಬಿಸಿನೀರು ಹಾಕಿ ತಿನ್ನುವ ಪೊಟ್ಟಣಗಳನ್ನೂ ಒಯ್ದಿದ್ದೆ. ಅವು ಹಾಗೇ ಮನೆಗೆ ಬಂದವು.

ಸುತ್ತ ನೋಡುವುದಕ್ಕೆ ಎರಡು ಜಾಗ. ಮಾನ್ಯುಮೆಂಟ್ ರಾಕ್ಸ್: ಒಂದು ಕಾಲಕ್ಕೆ ಅಮೆರಿಕದ ನಡುವೆ ಹಬ್ಬಿದ್ದ ಸಮುದ್ರದ ತಳದ ಸುಣ್ಣ, ಈಗ 20 ಮೀಟರ್ ಎತ್ತರದ ಕಂಬ, ಕಮಾನುಗಳಾಗಿ ಬಯಲಲ್ಲಿ ನಿಂತಿದೆ. ಖಾಸಗಿ ಜಮೀನು, ಆದರೂ ಹಗಲಲ್ಲಿ ಯಾರೂ ತಡೆಯುವುದಿಲ್ಲ. ಬಂಡೆ ಹತ್ತಬೇಡಿ, ಉಗುರು ತಾಗಿದರೂ ಪುಡಿ ಉದುರುತ್ತದೆ. ಮಣ್ಣಿನ ರಸ್ತೆ, ಮಳೆಯ ಮರುದಿನ ಹೋಗಬೇಡಿ. ಎರಿ ಹೊಲದಲ್ಲಿ ಚಪ್ಪಲಿ ಕಳೆದುಕೊಂಡವರಿಗೆ ಕಾರಣ ಹೇಳಬೇಕಿಲ್ಲ. ಇನ್ನೊಂದು, 2019ರಲ್ಲಿ ತೆರೆದ ಸರಕಾರಿ ಪಾರ್ಕು, ಲಿಟ್ಲ್ ಜೆರುಸಲೇಮ್ ಬ್ಯಾಡ್‌ಲ್ಯಾಂಡ್ಸ್. ಅಂಚಿನ ಮೇಲೆ ನಿಂತು ಕೆಳಗಿನ ಕೊರಕಲು ನೋಡಬೇಕು. ಅಲ್ಲಿ ತಂಗಲು ಬಿಡುವುದಿಲ್ಲ, ಸಂಜೆಯಾದರೆ ಹೊರಡಬೇಕು. ಎರಡಕ್ಕೂ ಅರ್ಧ ದಿನ ಸಾಕು.

ಆದರೆ ಅವ್ವನಿಗೆ ಬಂಡೆಗಿಂತ ಹಿಡಿಸಿದ್ದು ಕ್ಯಾಬಿನ್ನಿನ ಬೇಲಿಯಾಚೆ ಇತ್ತು. ಸೊಂಟದೆತ್ತರದ ಬೆಳೆ, ಕೆಂಪು ಇಟ್ಟಿಗೆ ಬಣ್ಣದ ತೆನೆ, ಮುಗಿಲಿನವರೆಗೂ. ಮಾಲೀಕ ‘ಮೈಲೋ’ ಅಂದ. ಒಂದು ತೆನೆ ಕಿತ್ತು ಅವಳ ಕೈಗಿಟ್ಟ. ಅವಳು ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ನಾಲ್ಕು ಕಾಳು ಬಾಯಿಗೆ ಹಾಕಿಕೊಂಡಳು. “ಜ್ವಾಳ ಐತಿ. ಖರೇ ಜ್ವಾಳ. ಆದ್ರ ಇಷ್ಟ್ ಗಿಡ್ಡ? ಕಣಕಿನ ಇಲ್ಲಲ್ಲ, ದನ ಏನ್ ತಿಂತಾವ?” ನಾನು ಇಂಗ್ಲಿಷಿಗೆ ತಿರುಗಿಸಿ ಕೇಳಿದೆ. ಇಲ್ಲಿ ದನಕ್ಕೆ ಹಾಕುವುದು ಕಾಳೇ ಅಂದ. ಮಷೀನಿಗೆ ಕೊಯ್ಯಲು ಸಲೀಸಾಗಲಿ ಅಂತ ಬೇಕೆಂದೇ ಗಿಡ್ಡ ತಳಿ. ಅಮೆರಿಕದಲ್ಲಿ ಜೋಳ ಹೆಚ್ಚು ಬೆಳೆಯುವ ರಾಜ್ಯ ಕ್ಯಾನ್ಸಸ್ಸೇ, ಮನುಷ್ಯರು ತಿನ್ನುವುದು ಮಾತ್ರ ಅಪರೂಪ. ಅವ್ವ ಒಂದು ರೊಟ್ಟಿ ತಂದು ಅವನ ಕೈಗೆ ಕೊಟ್ಟಳು. ಮುರಿದು ಮೂಸಿದ, ತಿಂದ, ಚಟ್ನಿ ಕೇಳಿ ಹಾಕಿಸಿಕೊಂಡ. ಇದು ಇದರಿಂದ ಮಾಡಿದ್ದಾ ಎಂದು ಎರಡು ಸಲ ಹೊಲದ ಕಡೆ ಬೊಟ್ಟು ಮಾಡಿದ.

ಹೊರಡುವ ದಿನ ಬಾಗಿಲ ಹಿಂದಿನ ಕಾಗದ ಓದಿದೆ: ಕಸ ಗುಡಿಸಿ, ಮೇಜು ಒರೆಸಿ, ಕಸದ ಚೀಲ ನೀವೇ ಒಯ್ಯಿರಿ. ಎಲ್ಲ ನಾವೇ ಮಾಡಿದರೆ ಆ 60 ಡಾಲರ್ ಎದಕ್ಕೆ? ಒಂದು ಸ್ಟಾರ್ ಅಲ್ಲಿ ಹೋಯಿತು, ಅರ್ಧ ಆ ‘ನೀರಿನ ಸೌಕರ್ಯ’ಕ್ಕೆ. ಅವ್ವ ಆಗಲೇ ಕಸಬರಿಗೆ ಹಿಡಿದಿದ್ದಳು. ಕಟ್ಟಿಗೆಯ ಮೂರು ಕಟ್ಟನ್ನು ಮುಂದೆ ಬರುವವರಿಗೆಂದು ಬಾಗಿಲ ಹತ್ತಿರ ಒಟ್ಟಿ, ಕೀಲಿಯನ್ನು ಅದೇ ಇಟ್ಟಿಗೆಯ ಕೆಳಗಿಟ್ಟು ಬಂದೆವು.